ನಾಲ್ಕು ತೆರೆದಾಗ ಐದು

ಸದ್ದು ಉಂಟು ಅಂಕಲ್, ಅಂದಳು ಫ್ಲೇವಿಯಾ.
ತುಟಿ ನೋಡಿ ತಿಳಿದದ್ದು. ನನ್ನ ಕಿವಿಗಳನ್ನು
ಮೂವತ್ತು ವರ್ಷ ಧಕ್ಕೆಯ ಬೋಟು ಇಂಜಿನುಗಳಿಗೆ
ಬಾಡಿಗೆಗೆ ಕೊಟ್ಟಿದ್ದೆ, ವಾಪಸು ಬರಲಿಲ್ಲ.
ಈಗ ಮಿಕ್ಸಿ, ಮಳೆ, ಹೆಂಡತಿ, ಎಲ್ಲ ಒಂದೇ ಗುಂಯ್.

ಉದ್ದ ಸ್ಕ್ರೂಡ್ರೈವರಿನ ತುದಿ ಟ್ಯಾಪೆಟ್ ಕವರಿಗೆ,
ಹಿಡಿ ದವಡೆಯ ಎಲುಬಿಗೆ ಒತ್ತಿ
ಕಣ್ಣು ಮುಚ್ಚಿ ನಿಂತೆ.
ಎಲುಬಿಗೆ ಇನ್ನೂ ಕೇಳುತ್ತದೆ.
ಒಂದು, ಎರಡು, ಮೂರು, ನಾಲ್ಕು
ಹೊಲಿಗೆ ಮಿಷನ್ನಿನ ಹಾಗೆ ನಯ.
ಐದರಲ್ಲಿ ಮಾತ್ರ ಯಾರೋ
ಹಂಚಿನ ಮೇಲೆ ಮರುವಾಯಿ ಚಿಪ್ಪು ಬಡಿಯುತ್ತಿದ್ದರು,
ಟಕ್. ಟಕ್. ಟಕ್.

ಐವತ್ತೇಳರ ಮೋರಿಸ್ ಮೈನರ್.
ವೆಲೆನ್ಸಿಯಾದಲ್ಲಿ ಹಲ್ಲು ಕೀಳುತ್ತಿದ್ದ ಅಜ್ಜಿಯ ತಮ್ಮ
ಹೋಗುವಾಗ ಇವಳಿಗೆ ಬಿಟ್ಟದ್ದು
ಒಂದು ಕೀಲಿಕೈ, ಮತ್ತು ಈ ಸದ್ದು.
ಗುಜರಿಗೆ ಹಾಕು, ಅನ್ನುತ್ತಾರಂತೆ ಮನೆಯವರು.
ಇವಳೋ, ದಿನಾ ಜೆಪ್ಪುವಿನಿಂದ ಕದ್ರಿಗೆ
ಎರಡನೇ ಗೇರಿನಲ್ಲಿ ಗುಡ್ಡೆ ಹತ್ತಿಸಿಯೇ ಡ್ಯೂಟಿಗೆ ಹೋಗುವವಳು.

ಲಾಕ್ ನಟ್ಟು ಸಡಿಲಿಸಿ, ರಾಕರನ್ನು
ಸ್ಪ್ರಿಂಗಿನ ಮನಸ್ಸಿಗೆ ವಿರುದ್ಧ ಬೆರಳಗಲ ಸರಿಸಿ
ಸ್ಕ್ರೂವನ್ನು ಕೆಳಗಿನಿಂದ ಬಿಡಿಸಿದೆ.
ಅಂಗೈಗೆ ಬಿತ್ತು. ಗೋಲಿಯಂತಿರಬೇಕಾದ ತಲೆ
ಹುಳ ತಿಂದ ಕಡಲೆ.

ಬಂದರಿನಲ್ಲಿ ಮೊಯ್ದಿನಬ್ಬ ಬಿಸ್ಕೆಟ್ ಡಬ್ಬಿ ಸುರಿದ.
ಅಂಬಾಸಿಡರಿನದ್ದು, ಜೀಪಿನದ್ದು,
ಯಾವುದೋ ಕುಲಗೋತ್ರ ತಿಳಿಯದ ಲಾರಿಯದ್ದು.
ಥ್ರೆಡ್ಡು ಕೂಡುವುದಿಲ್ಲ.
ಒಂದಂತೂ ಅರ್ಧ ಸುತ್ತು ಹೋಗಿ ನಿಂತಿತು,
ಹೆಣ್ಣು ನೋಡಲು ಬಂದವರು
ಜಗಲಿಯಲ್ಲೇ ಚಾ ಕುಡಿದು ಎದ್ದ ಹಾಗೆ.

ಕೊನೆಗೆ ಯೆಯ್ಯಾಡಿ, ದೇಜಪ್ಪನ ಲೇತು.
ಒಂದು ಸ್ಕ್ರೂವಿಗೆ ಮಿಷನ್ ಕಟ್ಟುವುದಾ?
ತಲೆ ಸಮ ಉಂಟಾ ಲೋಕಯ್ಯಣ್ಣ?
ಬೈಯುತ್ತಲೇ ಸಿಲ್ವರ್ ಸ್ಟೀಲಿನ ತುಂಡು ಚಕ್ಕಿಗೆ ಕಚ್ಚಿಸಿದ,
ಬೈಯುತ್ತಲೇ ತಲೆ ಉರುಟು ಮಾಡಿದ.
ಮಾಗಿದ ಪುನರ್ಪುಳಿಯ ಬಣ್ಣ ಬರುವ ತನಕ ಕಾಯಿಸಿ
ಎಣ್ಣೆಗೆ ಅದ್ದಿದ. ಚುಸ್ ಅಂದಿರಬೇಕು,
ನಾನು ಹೊಗೆ ನೋಡಿದೆ.
ಮತ್ತೆ ಉರಿ, ಒಣಹುಲ್ಲಿನ ಬಣ್ಣಕ್ಕೆ ನಿಲುಗಡೆ.
ಎಷ್ಟಾಯಿತು?
ಚಾ ಕುಡಿಸಿ, ಸಾಕು.

ಒಂಬತ್ತರ ಲೆಕ್ಕ ಕಲಿಸಿದ್ದು ಐತ ಮೇಸ್ತ್ರಿ,
ರುಜುವಿನ ಜಾಗದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದವರು:
ಎಂಟು ತೆರೆದಾಗ ಒಂದನ್ನು ಮುಟ್ಟು,
ಆರು ತೆರೆದಾಗ ಮೂರನ್ನು.
ಕೂಡಿದರೆ ಒಂಬತ್ತು ಬರಬೇಕು, ಬಾರದಿದ್ದರೆ ಕೈ ತೆಗೆ.
ಅದು ಪೂರ್ತಿ ಬಾಯಿ ತೆರೆದಾಗಲೇ
ಇದರ ಹತ್ತಿರ ಹೋಗಬೇಕು, ಮಗಾ.

ಫ್ಲೇವಿಯಾ ಹ್ಯಾಂಡಲ್ ತಿರುಗಿಸಿದಳು.
ನಾಲ್ಕು ತೆರೆಯಿತು.
ಐದರ ಸಂದಿಗೆ ಹನ್ನೆರಡು ಥೌ ಫೀಲರ್ ತೂರಿಸಿದೆ.
ಹೋಗಬೇಕು, ಆದರೆ ತುಸು ತಡೆದು,
ಬಂಗುಡೆಯ ಕಿವಿರಿಗೆ ಬೆರಳು ಹಾಕಿದ ಹಾಗೆ.

ಪೂರ್ತಿ ಬಿಗಿ ಮಾಡಿ ಅಂಕಲ್, ಸದ್ದೇ ಬೇಡ.
ಹಾಗಲ್ಲ ಮಾರಾಯ್ತಿ,
ಸದ್ದು ಮಾಡುವ ವಾಲ್ವು ಅಷ್ಟು ಬೇಗ ಸಾಯುವುದಿಲ್ಲ.
ಬಿಗಿಯಾದದ್ದು ಸುಮ್ಮನೆ ಇದ್ದು ಇದ್ದು
ಒಂದು ದಿನ ಸಂಪಾಜೆ ಘಾಟಿಯಲ್ಲಿ
ಅಂಚು ಸುಟ್ಟುಕೊಂಡು ಕೂತುಬಿಡುತ್ತದೆ.
ಇದನ್ನು ಹೇಳುವಾಗ ನನ್ನ ಸ್ವರ ಜೋರಿತ್ತೋ ಏನೋ,
ಪಕ್ಕದ ಟಯರಿನ ಅಂಗಡಿಯವ ಎದ್ದು ಬಂದ.

ಇಂಜಿನು ಹಿಡಿದ ಮೇಲೆ ಸ್ಕ್ರೂಡ್ರೈವರ್ ಅವಳಿಗೇ ಕೊಟ್ಟೆ.
ಕಿವಿಗಲ್ಲ, ಇಲ್ಲಿ, ಎಲುಬಿಗೆ.
ಕಣ್ಣು ಮುಚ್ಚಿದಳು. ತುಂಬ ಹೊತ್ತು.
ಆಮೇಲೆ ಅಂದದ್ದು
ಎಂಟೂ ಉಂಟು ಅಂತಲೋ, ಎಂತದೂ ಇಲ್ಲ ಅಂತಲೋ,
ತುಟಿಯಲ್ಲಿ ಎರಡೂ ಒಂದೇ.
ಇನ್ನೊಮ್ಮೆ ಕೇಳಲು ನಾಚಿಕೆಯಾಗಿ
ಬಾನೆಟ್ಟು ಮುಚ್ಚಿದೆ.

ಹಳೆಯ ಸ್ಕ್ರೂ ಅಂಗಿಯ ಜೇಬಿನಲ್ಲೇ ಉಳಿದಿತ್ತು.
ಮರುದಿನ ಒಗೆಯುವ ಕಲ್ಲಿನ ಪಕ್ಕ
ಹೆಂಡತಿ ಅದನ್ನು ಎತ್ತಿ ಹಿಡಿದು ಏನೋ ಕೇಳುತ್ತಿದ್ದಳು,
ಎಷ್ಟು ಹೊತ್ತಿನಿಂದಲೋ.
ಬಾಯಿ ಪೂರ್ತಿ ತೆರೆದಿತ್ತು.
ಹತ್ತಿರ ಹೋದೆ.